ಮಾತ್ರೆ ಬರೆಯುವ ಮುನ್ನ ರಕ್ತ ತೆಗೆಯಿರಿ: ಹಾಸನ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಹಾಸನ
ಹಾಗೂ ಜಿಲ್ಲೆಯಲ್ಲಿ ಮಕ್ಕಳಿಗೆ ಔಷಧ ಬರೆಯುವ ಎಲ್ಲ ವೈದ್ಯರಿಗೆ

ವಿಷಯ: ಹೃದಯದೋಷವಿರುವ ಮಕ್ಕಳಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕು ಮತ್ತು ಜ್ವರದ ಚಿಕಿತ್ಸೆ ಕುರಿತು

ಮಾನ್ಯರೇ,

2025ರ ಮೇ, ಜೂನ್ ತಿಂಗಳಲ್ಲಿ ದಿನ ಬೆಳಗಾದರೆ ನಮ್ಮ ಜಿಲ್ಲೆಯ ಹೆಸರು ಟೀವಿಯಲ್ಲಿ ಬರುತ್ತಿತ್ತು. ಸಾಯುವ ವಯಸ್ಸಲ್ಲದವರು ಹೃದಯಾಘಾತದಿಂದ ಹೋಗುತ್ತಿದ್ದಾರೆಂಬ ಸುದ್ದಿಗೆ ಜನ ಕಂಗಾಲಾಗಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಅಸಹಜ ಏರಿಕೆಯೇನೂ ಕಾಣುತ್ತಿಲ್ಲ ಎಂದು ಜುಲೈನಲ್ಲಿ ವರದಿ ಬಂತು, ಗಲಾಟೆ ತಣ್ಣಗಾಯಿತು. ಅಷ್ಟರಲ್ಲಿ ಹಾಸನದವರಿಗೆಲ್ಲ ಇಸಿಜಿ, ಎಕೋ, ಸ್ಟೆಂಟ್ ಎಂಬ ಮಾತುಗಳು ಬಾಯಿಪಾಠವಾಗಿದ್ದವು. ಮಕ್ಕಳ ಹೃದಯದ ವಿಚಾರವನ್ನು ಮಾತ್ರ ಯಾರೂ ಎತ್ತಲಿಲ್ಲ. ಅದನ್ನು ಎತ್ತುವುದಕ್ಕೇ ಈ ಪತ್ರ.

ನಾನು ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಸೇವೆಯಲ್ಲಿರುವಾಗ ಇಂಥ ಪತ್ರ ಬರೆದರೆ ಉತ್ತರಕ್ಕಿಂತ ಮೊದಲು ನೋಟಿಸು ಬರುತ್ತದೆ. ಈಗ ಆ ತಾಪತ್ರಯವಿಲ್ಲ. ವೈದ್ಯಶಾಸ್ತ್ರ ಓದಿದವಳಲ್ಲ. ಆದರೆ ನಮ್ಮ ಶಾಲೆಯ ಹುಡುಗಿಯೊಬ್ಬಳ ಕಾಯಿಲೆಯನ್ನು ಹತ್ತಿರದಿಂದ ನೋಡಿದ್ದೇನೆ, ಅವಳ ಚೀಟಿಗಳನ್ನೆಲ್ಲ ಓದಿದ್ದೇನೆ, ಅವಳನ್ನು ಉಳಿಸಿದ ವೈದ್ಯರನ್ನು ಬಿಡದೆ ಕೇಳಿ ತಿಳಿದುಕೊಂಡಿದ್ದೇನೆ. ಹುಡುಗಿಯ ಹೆಸರು, ಊರು, ಆಸ್ಪತ್ರೆಗಳ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಯಾರನ್ನೂ ಕಟಕಟೆಗೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಇಲ್ಲಿ ಯಾರೊಬ್ಬರ ಮೇಲೂ ಬೆರಳು ತೋರಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ, ಅದೇ ಕಷ್ಟ.

ಹುಡುಗಿಯ ಅಪ್ಪ ಅಮ್ಮ ಕಾಫಿ ತೋಟದ ಲೈನ್ ಮನೆಯಲ್ಲಿರುವವರು. ಅವಳು ಮೂರನೇ ತರಗತಿಯಲ್ಲಿದ್ದಾಗ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಸ್ಟೆತಸ್ಕೋಪ್ ಇಟ್ಟು ನೋಡಿದಾಗ ಎದೆಯಲ್ಲಿ ಬೇರೆಯದೇ ಸದ್ದು ಕೇಳಿಸಿತು. ಮುಂದೆ ಎಕೋ, ಎಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಅಲ್ಲಿಯ ವೈದ್ಯರು ಸರಿಯಾಗಿಯೇ ಹೇಳಿದರು: ತೂತು ಚಿಕ್ಕದು, ಆಪರೇಷನ್ ಬೇಡ, ತಾನಾಗಿ ಮುಚ್ಚಿಕೊಂಡರೂ ಮುಚ್ಚಿಕೊಳ್ಳಬಹುದು, ವರ್ಷಕ್ಕೊಮ್ಮೆ ತಂದು ತೋರಿಸಿ. ತಾಯಿಯ ಕಿವಿಗೆ ಬಿದ್ದದ್ದು ಅದರ ಮೊದಲರ್ಧ. 'ಏನೂ ತೊಂದ್ರೆ ಇಲ್ವಂತೆ ಮೇಡಂ' ಎಂದು ನನಗೂ ಬಂದು ಹೇಳಿ ಹೋದಳು.

ಹುಡುಗಿ ಆರನೇ ತರಗತಿಗೆ ಬಂದ ವರ್ಷ, ಕಾಫಿ ಕೊಯ್ಲಿನ ಹೊತ್ತಿಗೆ ಜ್ವರ ಶುರುವಾಯಿತು. ರಸ್ತೆಬದಿಯ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್, ಮೂರು ದಿನದ ಮಾತ್ರೆ. ಜ್ವರ ಇಳಿಯಿತು. ವಾರದೊಳಗೆ ಮತ್ತೆ ಬಂತು. ಈ ಸಲ ಮೆಡಿಕಲ್ ಸ್ಟೋರಿನವರೇ ಡಾಕ್ಟರ ಚೀಟಿ ಕೇಳದೆ ಆಂಟಿಬಯೋಟಿಕ್ ಕೊಟ್ಟರು. ಇಳಿದು ಮತ್ತೆ ಏರಿತು. ಇನ್ನೊಂದು ಕಡೆ ವೈಡಲ್ ಟೆಸ್ಟ್ ಮಾಡಿ ಟೈಫಾಯಿಡ್ ಎಂದರು (ನಮ್ಮ ಕಡೆ ವಾರ ದಾಟಿದ ಜ್ವರಕ್ಕೆಲ್ಲ ಅದೊಂದೇ ಹೆಸರು). ಗ್ಲೂಕೋಸ್ ಹಾಕಿ, ದಿನಕ್ಕೆರಡು ಸಲ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆವರಿ ಜ್ವರ ಬಿಟ್ಟಿತು. ಹತ್ತು ದಿನ ಚೆನ್ನಾಗಿದ್ದಳು, ಆಮೇಲೆ ಸಂಜೆ ಸಂಜೆ ಮೈ ಬಿಸಿ.

ಇಷ್ಟು ಬಾಗಿಲು ಸುತ್ತಿದರೂ ಈ ಮಗುವಿಗೆ ಹೃದಯದ ತೊಂದರೆ ಇದೆಯೇ ಎಂದು ಯಾರೂ ಕೇಳಲಿಲ್ಲ. ತಾಯಿಯೂ ಹೇಳಲಿಲ್ಲ. ತೂತಿಗೂ ಜ್ವರಕ್ಕೂ ಸಂಬಂಧವಿರಬಹುದೆಂದು ಅವಳಿಗೆ ತಿಳಿಸಿದವರಾದರೂ ಯಾರು? ಮಲೆನಾಡಿನಲ್ಲಿ ಮಗುವಿಗೆ ಜ್ವರ ಎಂದರೆ ವೈದ್ಯರ ತಲೆಗೆ ಮೊದಲು ಡೆಂಗಿ, ಇಲಿಜ್ವರ ಬರುವುದು ಸಹಜ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಮೂರನೇ ಸಲ, ನಾಲ್ಕನೇ ಸಲ ಅದೇ ಮಗು ಅದೇ ಜ್ವರದೊಂದಿಗೆ ಬಂದಾಗಲೂ ಎದೆಗೆ ಸ್ಟೆತಸ್ಕೋಪ್ ಮುಟ್ಟಿಸದೆ ಇನ್ನೂ ಜೋರಿನ ಆಂಟಿಬಯೋಟಿಕ್ ಬರೆದುಕೊಟ್ಟದ್ದನ್ನು ಆಕ್ಷೇಪಿಸುತ್ತೇನೆ.

ಶಾಲೆಯಲ್ಲಿ ನಾವು ನೋಡುತ್ತಿದ್ದಂತೆ ಅವಳು ಇಳಿದುಹೋದಳು. ಬಿಸಿಯೂಟದ ತಟ್ಟೆ ಅರ್ಧಕ್ಕೇ ಬಿಡುವುದು, ಮುಖ ಬಿಳಿಚುವುದು, ಎರಡನೇ ಪಿರಿಯಡ್ಡಿಗೇ ಬೆಂಚಿನ ಮೇಲೆ ತಲೆಯಿಟ್ಟು ಮಲಗುವುದು. ಕೊನೆಗೆ ಹಾಸನಕ್ಕೆ ಕರೆದೊಯ್ದಾಗ ಒಬ್ಬ ಕಿರಿಯ ವೈದ್ಯೆ ಎದೆಯ ಸದ್ದನ್ನು ಬಹಳ ಹೊತ್ತು ಕೇಳಿದರು. ರೆಪ್ಪೆ ಮಗುಚಿ ನೋಡಿದರು, ಉಗುರು ನೋಡಿದರು, ಹೊಟ್ಟೆ ಒತ್ತಿ ಗುಲ್ಮ ದಪ್ಪಗಾಗಿದೆ ಎಂದರು. ಹಳೆಯ ಎಕೋ ರಿಪೋರ್ಟ್ ಇದೆಯಾ ಎಂದು ಕೇಳಿದವರು ಅವರೊಬ್ಬರೇ. ಹೊಸ ಎಕೋದಲ್ಲಿ ತೂತಿಗೆ ಎದುರಾಗಿರುವ ಕವಾಟದ ಮೇಲೆ ಅಲುಗಾಡುವ ಗಂಟೊಂದು ಕಾಣಿಸಿತು. ಕಾಯಿಲೆಯ ಹೆಸರು ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್, ಎಂದರೆ ಹೃದಯದ ಒಳಪದರಕ್ಕೆ, ಕವಾಟಗಳಿಗೆ ತಗಲುವ ಸೋಂಕು.

ಈ ಪತ್ರವನ್ನು ತಾಯಂದಿರೂ ಓದಲಿ ಎಂಬ ಆಸೆಯಿಂದ ಅದು ಆಗುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ, ವೈದ್ಯರು ಮನ್ನಿಸಬೇಕು. ತೂತು ಚಿಕ್ಕದಾದಷ್ಟೂ ರಕ್ತ ಅದರೊಳಗೆ ರಭಸದಿಂದ ನುಗ್ಗುತ್ತದೆ. ಕೆರೆ ತೂಬಿನಿಂದ ಚಿಮ್ಮಿದ ನೀರು ಎದುರು ಗೋಡೆಯ ಗಾರೆ ಕೀಳುವ ಹಾಗೆ ಆ ರಭಸಕ್ಕೆ ಹೃದಯದ ಒಳಪದರ ಒಂದು ಕಡೆ ತರಚುತ್ತದೆ. ತರಚಿದಲ್ಲಿ ರಕ್ತ ಸಣ್ಣಗೆ ಹೆಪ್ಪುಗಟ್ಟುತ್ತದೆ. ನಮ್ಮೆಲ್ಲರ ಬಾಯಲ್ಲಿ ಸದಾ ಇರುವ ಸ್ಟ್ರೆಪ್ಟೋಕಾಕಸ್ ಗುಂಪಿನ ಬ್ಯಾಕ್ಟೀರಿಯಾಗಳು ಹುಳುಕು ಹಲ್ಲು, ಕೀವಾದ ವಸಡಿನ ಮೂಲಕ ರಕ್ತ ಸೇರುತ್ತವೆ. ಚರ್ಮದ ಮೇಲಿರುವ ಸ್ಟೆಫೈಲೋಕಾಕಸ್ ಆರಿಯಸ್ ಕುರು, ಕೀವುಗಟ್ಟಿದ ಕಜ್ಜಿಯ ಮೂಲಕ ಒಳಹೋಗುತ್ತದೆ. ಬೇರೆ ಮಕ್ಕಳಲ್ಲಿ ಇವು ರಕ್ತದಲ್ಲೇ ನಾಶವಾಗುತ್ತವೆ. ಇಂಥ ಮಕ್ಕಳಲ್ಲಿ ಆ ಹೆಪ್ಪಿನೊಳಗೆ ಹೊಕ್ಕು ನೆಲೆಯೂರುತ್ತವೆ, ಮೇಲೆ ಇನ್ನಷ್ಟು ಹೆಪ್ಪು ಕೂಡಿ ಗಂಟಾಗುತ್ತದೆ. ಗಂಟಿನೊಳಗೆ ರಕ್ತನಾಳವಿಲ್ಲ, ಬಿಳಿ ರಕ್ತಕಣಗಳಿಗೆ ದಾರಿಯಿಲ್ಲ. ಆದ್ದರಿಂದಲೇ ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣದ ಆಂಟಿಬಯೋಟಿಕ್ಕನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೊಡಬೇಕಾಗುತ್ತದೆ. ಬಿಟ್ಟರೆ ಕವಾಟ ಕೊರೆದುಹೋಗಬಹುದು. ಗಂಟಿನ ಚೂರು ಕಳಚಿಕೊಂಡು ಶ್ವಾಸಕೋಶಕ್ಕೋ ಮಿದುಳಿಗೋ ಹೋಗಬಹುದು. ಪೆನಿಸಿಲಿನ್ ಬರುವ ಮುಂಚೆ ಈ ಕಾಯಿಲೆ ಬಂದು ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ.

ಮೂರು ದಿನದ, ಐದು ದಿನದ ಮಾತ್ರೆ ಇಲ್ಲಿ ಮಾಡುವ ಕೆಡುಕು ಎಂಥದೆಂದರೆ, ಅದು ರಕ್ತದಲ್ಲಿ ತೇಲುತ್ತಿರುವ ಬ್ಯಾಕ್ಟೀರಿಯಾಗಳನ್ನು ಅಡಗಿಸುತ್ತದೆ, ಗಂಟಿನೊಳಗಿನವನ್ನು ಮುಟ್ಟುವುದಿಲ್ಲ. ಜ್ವರ ಬಿಡುತ್ತದೆ, ಮನೆಯವರಿಗೆ ನೆಮ್ಮದಿ, ವೈದ್ಯರಿಗೂ ತಾವು ಬರೆದದ್ದು ಸರಿಯಾಯಿತೆಂಬ ಸಮಾಧಾನ. ಒಳಗೆ ಕಾಯಿಲೆ ಬೆಳೆಯುತ್ತಿರುತ್ತದೆ. ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಈ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಟ್ಟಾಗಲೇ, ಗುರುತಿಸುವುದಕ್ಕೆ ಇದರಷ್ಟು ಕಷ್ಟದ ಕಾಯಿಲೆಗಳು ಕೆಲವೇ ಎಂದಿದ್ದರು. ಆಗ ಆಂಟಿಬಯೋಟಿಕ್ ಇರಲಿಲ್ಲ. ಈಗ ಇದೆ, ಅರೆಬರೆ ಕೊಟ್ಟು ಆ ಕಷ್ಟವನ್ನು ನಾವೇ ಇನ್ನಷ್ಟು ಹೆಚ್ಚಿಸಿಕೊಂಡಿದ್ದೇವೆ.

ಇದನ್ನು ಪತ್ತೆಮಾಡುವ ಮುಖ್ಯ ಪರೀಕ್ಷೆ ರಕ್ತದ ಕಲ್ಚರ್, ಎಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು. ಆಂಟಿಬಯೋಟಿಕ್ಕಿನ ಮೊದಲ ಡೋಸಿಗೆ ಮುಂಚೆ ಬೇರೆ ಬೇರೆ ಜಾಗದಿಂದ ಮೂರು ಸಲ ರಕ್ತ ತೆಗೆದು ಕಲ್ಚರ್ ಬಾಟಲಿಗೆ ಹಾಕಬೇಕು. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಹೇಳುವುದು ಆ ಬಾಟಲಿ. ನಮ್ಮ ಹುಡುಗಿಯ ರಕ್ತವನ್ನೂ ಹೀಗೇ ತೆಗೆದರು. ಏನೂ ಬೆಳೆಯಲಿಲ್ಲ. ಅಷ್ಟು ಹೊತ್ತಿಗೆ ಅವಳ ರಕ್ತದಲ್ಲಿ ಊರಿನ ಆಂಟಿಬಯೋಟಿಕ್ಕೆಲ್ಲ ಹರಿದಿತ್ತು. ಶತ್ರು ಯಾರೆಂದು ತಿಳಿಯದೆ, ಇರಬಹುದಾದ ಎಲ್ಲವಕ್ಕೂ ತಾಗುವಂತೆ ಔಷಧ ಕೊಡಬೇಕಾಯಿತು. ಅದರಲ್ಲೊಂದು ಕಿವಿಗೂ ಮೂತ್ರಪಿಂಡಕ್ಕೂ ಅಪಾಯ ಮಾಡಬಲ್ಲದ್ದಾದ್ದರಿಂದ ಮತ್ತೆ ಮತ್ತೆ ರಕ್ತ ಪರೀಕ್ಷೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿಂದ ಆಸ್ಪತ್ರೆಯ ಖರ್ಚು ನೀಗಿತು, ಅದಕ್ಕೆ ಸರ್ಕಾರಕ್ಕೆ ಕೃತಜ್ಞಳಾಗಿದ್ದೇನೆ. ತಾಯಿಯ ಕೊಯ್ಲಿನ ಕೂಲಿ ಹೋಯಿತು, ತಮ್ಮನನ್ನು ಶಾಲೆ ಬಿಡಿಸಿ ಅಜ್ಜಿಯ ಊರಿಗೆ ಕಳಿಸಿದರು. ಅದಕ್ಕೆ ಯಾವ ಕಾರ್ಡೂ ಇಲ್ಲ. ಹುಡುಗಿ ಬದುಕಿದಳು. ಕವಾಟ ಸೋರುತ್ತಿದೆ. ಮುಂದೆಂದಾದರೂ ಆಪರೇಷನ್ ಬೇಕಾಗಬಹುದು ಎಂದಿದ್ದಾರೆ.

ಈಗ ತಮ್ಮ ಇಲಾಖೆಯ ಒಂದು ಹಾಳೆಯ ವಿಷಯ. ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರ ಫೆಬ್ರುವರಿಯಲ್ಲಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿಗೆ, ಶಾಲೆಗೆ ಬಂದು ನೋಡುವ ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಅದಿಲ್ಲದಿದ್ದರೆ ಲೈನ್ ಮನೆಯ ಮಗುವಿನ ತೂತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವರು ನೋಡುವ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಹೃದಯದೋಷವಿದೆ, ರುಮ್ಯಾಟಿಕ್ ಹೃದ್ರೋಗವಿದೆ, ಹುಳುಕು ಹಲ್ಲೂ ಇದೆ. ನಮ್ಮ ಹುಡುಗಿಯ ಹಾಳೆಯಲ್ಲಿ ಹೃದಯದ ಮುಂದೊಂದು ಗುರುತು, ಹಲ್ಲಿನ ಮುಂದೊಂದು ಗುರುತು, ಎರಡೂ ಇದ್ದವು. ಹೃದಯಕ್ಕೆ ಒಂದು ಚೀಟಿ ಬರೆದರು, ಹಲ್ಲಿಗೆ ಇನ್ನೊಂದು. ಹೃದಯದ ಚೀಟಿ ಹಿಡಿದು ತಾಯಿ ಹೋದಳು. ಹಲ್ಲಿನದ್ದನ್ನು ಮನೆಯಲ್ಲೇ ಇಟ್ಟಳು, ಹಾಲುಹಲ್ಲು ಬಿದ್ದ ಮೇಲೆ ಸರಿಹೋಗುತ್ತದೆ ಎಂದುಕೊಂಡು. ಒಂದೇ ಹಾಳೆಯ ಮೇಲಿರುವ ಈ ಎರಡು ಗುರುತನ್ನು ಕೂಡಿಸಿ ಓದಿ, 'ಅಮ್ಮಾ, ಬೇರೆ ಮಗುವಿಗೆ ಹಲ್ಲು ಹುಳುಕಾದರೆ ಹಲ್ಲುನೋವು, ನಿನ್ನ ಮಗುವಿಗೆ ಅದು ಹೃದಯಕ್ಕೆ ಹೋಗಬಹುದು' ಎಂದು ಹೇಳುವ ಕೆಲಸ ಯಾರ ಪಾಲಿಗೂ ಬಂದಿಲ್ಲ. ಹೃದಯದ ವೈದ್ಯರು ಬಾಯಿ ನೋಡುವುದಿಲ್ಲ, ಹಲ್ಲಿನ ವೈದ್ಯರಿಗೆ ಎಕೋ ರಿಪೋರ್ಟ್ ಸಿಗುವುದಿಲ್ಲ, ಜ್ವರಕ್ಕೆ ಔಷಧ ಕೊಡುವವರಿಗೆ ಎರಡೂ ಗೊತ್ತಿರುವುದಿಲ್ಲ.

ಅವಳ ಸೋಂಕು ಹಲ್ಲಿನಿಂದಲೇ ಬಂತೆಂದು ನಾನು ಸಾಧಿಸುತ್ತಿಲ್ಲ. ಕಲ್ಚರ್ ಬೆಳೆದಿದ್ದರೆ ಅದಕ್ಕೊಂದು ಸುಳಿವು ಸಿಗುತ್ತಿತ್ತು. ಹಲ್ಲಿನ ವಿಷಯದಲ್ಲಿ ಇನ್ನೊಂದು ಗೊಂದಲವೂ ಇದೆ. ಹಲ್ಲು ಕೀಳುವ ಮುಂಚೆ ಮುಂಜಾಗ್ರತೆಗೆಂದು ಕೊಡುವ ಆಂಟಿಬಯೋಟಿಕ್ ಹೃದಯದೋಷವಿರುವ ಎಲ್ಲ ಮಕ್ಕಳಿಗೂ ಬೇಕಿಲ್ಲ ಎಂದು ಅಮೆರಿಕದ ಹೃದ್ರೋಗ ತಜ್ಞರ ಸಂಘ 2007ರಲ್ಲೇ ಹೇಳಿದೆ. ಕೃತಕ ಕವಾಟವಿರುವವರು, ಹಿಂದೆ ಒಮ್ಮೆ ಈ ಸೋಂಕಾದವರು, ಮೈ ನೀಲಿಗಟ್ಟುವ ಬಗೆಯ ಹೃದಯದೋಷಕ್ಕೆ ಇನ್ನೂ ಆಪರೇಷನ್ ಆಗದವರು, ಹೀಗೆ ಅಪಾಯ ಹೆಚ್ಚಿರುವವರಿಗೆ ಮಾತ್ರ ಅದು. ಚಿಕ್ಕ ತೂತಿನ ಮಗು ಮೊದಲಿಗೆ ಆ ಸಾಲಿಗೆ ಬರುವುದಿಲ್ಲ. ನಮ್ಮ ಹುಡುಗಿ ಈಗ ಬರುತ್ತಾಳೆ, ಒಮ್ಮೆ ಸೋಂಕಾದದ್ದರಿಂದ. ದಿನವೂ ಹಲ್ಲುಜ್ಜುವಾಗ, ಅಗಿಯುವಾಗಲೇ ಕೆಟ್ಟ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತಿರುವಾಗ, ಹಲ್ಲು ಕೀಳುವ ಆ ಒಂದು ದಿನಕ್ಕಿಂತ ವರ್ಷವಿಡೀ ಬಾಯಿ ಚೊಕ್ಕಟವಾಗಿರುವುದೇ ಇಂಥ ಮಕ್ಕಳಿಗೆ ಹೆಚ್ಚಿನ ರಕ್ಷಣೆ. ಇದಕ್ಕೆ ಬೇಕಾದ್ದು ಬ್ರಷ್ಷು, ಪೇಸ್ಟು ಮತ್ತು ಹೇಳುವವರೊಬ್ಬರು.

ರುಮ್ಯಾಟಿಕ್ ಜ್ವರದ ಬಗ್ಗೆಯೂ ನಾಲ್ಕು ಮಾತು. ಇದರಲ್ಲಿ ಬ್ಯಾಕ್ಟೀರಿಯಾ ಹೃದಯಕ್ಕೆ ಬಂದು ಕೂರುವುದಿಲ್ಲ. ಎ ಗುಂಪಿನ ಸ್ಟ್ರೆಪ್ಟೋಕಾಕಸ್‌ನಿಂದ ಗಂಟಲು ಕೆಟ್ಟು ಎರಡು ಮೂರು ವಾರವಾದ ಮೇಲೆ ಮೈಯ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ತನ್ನ ಕೀಲು, ಕವಾಟಗಳ ಮೇಲೆ ಬೀಳುತ್ತದೆ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ, ಇಕ್ಕಟ್ಟಾದ ಮನೆಗಳಲ್ಲಿ ಇರುವವರಿಗೆ. ಹಾಳಾದ ಕವಾಟದ ಮೇಲೆ ಆಮೇಲೆ ನಾನು ಮೇಲೆ ಹೇಳಿದ ಸೋಂಕೂ ಬರಬಹುದು. ಇದಕ್ಕಿರುವ ತಡೆ ಬೆಂಜಥೀನ್ ಪೆನಿಸಿಲಿನ್. ಮೂರು ನಾಲ್ಕು ವಾರಕ್ಕೊಂದು ಇಂಜೆಕ್ಷನ್, ಹೃದಯಕ್ಕೆ ತಾಗಿದ್ದರೆ ಕನಿಷ್ಠ ಹತ್ತು ವರ್ಷ. ದುಬಾರಿ ಔಷಧವಲ್ಲ. ಆದರೂ ನನಗೆ ಗೊತ್ತಿರುವ ಒಬ್ಬ ಹುಡುಗನಿಗೆ ಒಂದು ಕಡೆ ಸ್ಟಾಕ್ ಇಲ್ಲ ಎಂದರು. ಇನ್ನೊಂದು ಕಡೆ ಸ್ಟಾಕ್ ಇತ್ತು, ರಿಯಾಕ್ಷನ್ ಆದರೆ ಯಾರು ಹೊಣೆ ಎಂದು ಚುಚ್ಚಲು ಒಪ್ಪಲಿಲ್ಲ. ವೈದ್ಯರ ಆ ಭಯ ಸುಳ್ಳಲ್ಲ; ರಿಯಾಕ್ಷನ್ ಅಪರೂಪವಾದರೂ ಆಗುತ್ತದೆ. ಅದಕ್ಕೆ ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಂಡು, ಇಂಜೆಕ್ಷನ್ ಆದ ಮೇಲೆ ಮಗುವನ್ನು ಅಲ್ಲೇ ಸ್ವಲ್ಪ ಹೊತ್ತು ಕೂರಿಸಿಕೊಳ್ಳುವುದು ಉಪಾಯವೇ ಹೊರತು, ತಾಯಿ ಮಗನನ್ನು ಬಸ್ಸು ಹತ್ತಿಸಿ ಹಾಸನಕ್ಕೆ ಕಳಿಸುವುದಲ್ಲ. ತಿಂಗಳು ತಿಂಗಳೂ ಹಾಸನಕ್ಕೆ ಹೋಗಿಬರಲು ದಿನಗೂಲಿಯವರಿಂದ ಆಗುವುದಿಲ್ಲ. ಆ ಹುಡುಗ ಇಂಜೆಕ್ಷನ್ ಬಿಟ್ಟಿದ್ದಾನೆ. 2018ರಲ್ಲಿ ವಿಶ್ವ ಆರೋಗ್ಯ ಸಭೆ ರುಮ್ಯಾಟಿಕ್ ಹೃದ್ರೋಗದ ಬಗ್ಗೆಯೇ ನಿರ್ಣಯ ಮಾಡಿತು. ಜಿನೀವಾದ ನಿರ್ಣಯ ಶಿರಾಡಿ ಘಾಟಿನ ಅಂಚಿನ ಆರೋಗ್ಯ ಕೇಂದ್ರದ ಫ್ರಿಜ್ಜಿನ ತನಕ ಬರಬೇಕಲ್ಲ.

ಇನ್ನು ತಮ್ಮಲ್ಲಿ ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮೊದಲು, ಹೃದಯದೋಷವಿದೆ ಎಂದು ಜಿಲ್ಲೆಯಲ್ಲಿ ಈಗಾಗಲೇ ಪತ್ತೆಯಾಗಿರುವ ಪ್ರತಿ ಮಗುವಿನ ಕೈಗೂ ಒಂದು ಕಾರ್ಡು ಕೊಡಿ. ಪಟ್ಟಿ ಇಲಾಖೆಯ ಹತ್ತಿರವೇ ಇರುತ್ತದೆ, ಹೊಸ ಸಮೀಕ್ಷೆಯ ಅಗತ್ಯವಿಲ್ಲ. ದೋಷ ಯಾವುದು, ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯೋಟಿಕ್ ಬೇಕೋ ಬೇಡವೋ, ಇಷ್ಟು ಅದರಲ್ಲಿರಲಿ. ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ಕಾರಣ ತಿಳಿಯದ ಜ್ವರ ಮೂರು ದಿನ ದಾಟಿದರೆ, ಅಥವಾ ಬಿಟ್ಟ ಜ್ವರ ಮತ್ತೆ ಬಂದರೆ, ಆಂಟಿಬಯೋಟಿಕ್ ಕೊಡುವ ಮೊದಲು ರಕ್ತದ ಕಲ್ಚರ್ ತೆಗೆಯಿರಿ. ಮಗು ತೀರಾ ಸುಸ್ತಾಗಿದ್ದರೆ ರಕ್ತ ತೆಗೆದು ಆಗಲೇ ಔಷಧ ಶುರುಮಾಡಲಿ, ಕಾಯಬೇಕೆಂದು ಯಾರೂ ಹೇಳುತ್ತಿಲ್ಲ. ತಾಯಿ ಆ ಕಾರ್ಡನ್ನು ಯಾವ ಕ್ಲಿನಿಕ್ಕಿನ ಮೇಜಿನ ಮೇಲಿಟ್ಟರೂ ಅದೇ ಮಾತಾಡಬೇಕು. ಲೈನ್ ಮನೆಯ ಹೆಂಗಸು ಡಾಕ್ಟರ ಮುಂದೆ ನಿಂತು 'ಕಲ್ಚರ್ ಮಾಡಿ' ಎಂದು ಬಾಯಿಬಿಟ್ಟು ಕೇಳುವ ಕಾಲ ಇನ್ನೂ ಬಂದಿಲ್ಲ.

ಕಾರ್ಡು ಕೊಟ್ಟು ಬಾಟಲಿ ಇಲ್ಲದಿದ್ದರೆ ಏನು ಬಂತು? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಮಕ್ಕಳ ಕಲ್ಚರ್ ಬಾಟಲಿ ಇರಲಿ. ರಕ್ತ ಹಾಕಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬೇಕಾಗಿಯೂ ಇಲ್ಲ, ಇಡಲೂ ಬಾರದು. ಅವತ್ತೇ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ತಲುಪಿಸುವ ವ್ಯವಸ್ಥೆ ಸಾಕು. ಸಕಲೇಶಪುರ, ಬೇಲೂರು, ಅರಕಲಗೂಡಿನಿಂದ ಹಾಸನಕ್ಕೆ ದಿನವಿಡೀ ವಾಹನಗಳು ಓಡಾಡುತ್ತವೆ. ಖಾಸಗಿ ಕ್ಲಿನಿಕ್ಕುಗಳಿಗೂ ಈ ಸೂಚನೆ ಹೋಗಲಿ. ಅವುಗಳ ನೋಂದಣಿಯ ಕಡತ ತಮ್ಮ ಕಚೇರಿಯ ಮೂಲಕವೇ ಹಾದುಹೋಗುತ್ತದೆ. ಮೆಡಿಕಲ್ ಸ್ಟೋರುಗಳ ಮಾತು ಔಷಧ ನಿಯಂತ್ರಣ ಇಲಾಖೆಗೆ ಸೇರಿದ್ದೆಂದು ಬಲ್ಲೆ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ಕುಗಳು 2014ರಿಂದ ಶೆಡ್ಯೂಲ್ ಎಚ್1ರಲ್ಲಿವೆ, ಎಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ; ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು ರಿಜಿಸ್ಟರಿನಲ್ಲಿ ದಾಖಲಾಗಬೇಕು. ಆ ರಿಜಿಸ್ಟರುಗಳನ್ನೊಮ್ಮೆ ತರಿಸಿ ನೋಡಿ ಎಂದು ಅವರಿಗೆ ತಾವು ಬರೆದರೆ ಅದರ ತೂಕವೇ ಬೇರೆ.

ಹಲ್ಲಿನ ವಿಷಯದಲ್ಲಿ ಹೃದಯದೋಷದ ಮಕ್ಕಳನ್ನು ಸಾಲಿನಲ್ಲಿ ಮುಂದಕ್ಕೆ ತನ್ನಿ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ವರ್ಷಕ್ಕೆರಡು ಸಲ ಇವರ ಬಾಯಿ ನೋಡಲಿ. ಬೆಂಜಥೀನ್ ಪೆನಿಸಿಲಿನ್ ಎಲ್ಲೆಲ್ಲಿ ಸಿಗುತ್ತದೆ, ಯಾವ ದಿನ ಚುಚ್ಚುತ್ತಾರೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬೋರ್ಡಿನಲ್ಲಿ ಬರೆಸಿ. ಇಂಜೆಕ್ಷನ್ ತಪ್ಪಿಸಿಕೊಂಡ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಹೋಗಲಿ, ಆ ಓಡಾಟಕ್ಕೆ ಅವಳಿಗೂ ಏನಾದರೂ ಕೊಡಿ. ಬಿಟ್ಟಿ ಕೆಲಸ ಅವಳ ತಲೆಯ ಮೇಲೆ ಈಗಾಗಲೇ ಸಾಕಷ್ಟಿದೆ.

ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮುಂಚೆ ಕಾರ್ಡುಗಳು ಶಾಲೆಗೆ ತಲುಪಿದರೆ, ಪುಸ್ತಕ ಹಂಚುವ ವಾರದಲ್ಲೇ ಪೋಷಕರನ್ನು ಕರೆಸಿ ಓದಿ ಹೇಳಿ ಕೊಡಬಹುದು. ನಮ್ಮ ತಾಲ್ಲೂಕಿನ ನಿವೃತ್ತ ಶಿಕ್ಷಕರು ಕೆಲವರು ಆ ಕೆಲಸಕ್ಕೆ ಬರಲು ಸಿದ್ಧರಿದ್ದೇವೆ. ಕಾರ್ಡಿನ ಒಕ್ಕಣೆಯನ್ನು ಅಚ್ಚಿಗೆ ಕಳಿಸುವ ಮುಂಚೆ ಒಮ್ಮೆ ನಮಗೆ ತೋರಿಸಿ, ತಾಯಂದಿರಿಗೆ ಅರ್ಥವಾಗುವ ಕನ್ನಡಕ್ಕೆ ತಿದ್ದಿಕೊಡುತ್ತೇವೆ. ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಕಾರ್ಡಿನ ಹಿಂಬದಿಯಲ್ಲಿ ಹಿಂದಿಯಲ್ಲೂ ನಾಲ್ಕು ಸಾಲು ಇರಲಿ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ,
ನಿವೃತ್ತ ಮುಖ್ಯ ಶಿಕ್ಷಕಿ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ